ಮಣ್ಣಾದ ಮೈಯ ನಿರೀಕ್ಷೆ

ಬೀದರ ಜಿಲ್ಲೆಯ ಹುಮನಾಬಾದು ಮತ್ತು ಬಸವಕಲ್ಯಾಣಗಳ ನೆಲವು ಸತ್ತವರನ್ನು ಸುಲಭವಾಗಿ ಮರೆಯುವ ನೆಲವಲ್ಲ. ಕಲ್ಯಾಣದ ಸಮೀಪದ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿ, 1865ರಲ್ಲಿ ಸಂಜೀವನ ಸಮಾಧಿಯನ್ನು ಹೊಂದಿದರೆಂದು ಭಕ್ತರು ನಂಬುವ ಮಾಣಿಕಪ್ರಭುಗಳ ಸನ್ನಿಧಿ ಹುಮನಾಬಾದಿಗೆ ತಾಗಿಕೊಂಡ ಮಾಣಿಕನಗರದಲ್ಲಿದೆ; ದತ್ತಜಯಂತಿಯ ದಿನಗಳಲ್ಲಿ ಕನ್ನಡ, ಮರಾಠಿ, ತೆಲುಗು ನುಡಿಗಳ ಜನರು ಅಲ್ಲಿ ಒಂದೇ ಸಾಲಿನಲ್ಲಿ ನಿಂತು, ಸಮಾಧಿಯೊಳಗಿನವರು ಇನ್ನೂ ತಮ್ಮ ಮೊರೆಯನ್ನು ಕೇಳುತ್ತಾರೆಂಬ ಭರವಸೆಯಿಂದ ತಲೆಬಾಗುತ್ತಾರೆ. ಬಸವಕಲ್ಯಾಣದಲ್ಲಿ ರಾಜಾ ಬಾಗ್ ಸವಾರರ ದರ್ಗಾ ಇದೆ. ಅದೇ ಊರಿನಲ್ಲಿ ಅಕ್ಕನಾಗಮ್ಮನ ಹೆಸರಿನ ಗವಿ, ಹರಳಯ್ಯನ ಹೆಸರಿನ ಗವಿ, ಶರಣರು ನಡೆದಾಡಿದರೆಂದು ತೋರಿಸುವ ಬೇರೆ ತಾಣಗಳಿವೆ. ಗದ್ದುಗೆಗೆ ಹೂ, ದರ್ಗಾಕ್ಕೆ ಚಾದರ, ಸಮಾಧಿಗೆ ಆರತಿ—ಹೀಗೆ ಮೂರು ಬಗೆಯಾಗಿ ಈ ಜನರು ಹೇಳುವುದೆಲ್ಲ ಒಂದೇ ಅಭಿಪ್ರಾಯದ ಸುತ್ತ ತಿರುಗುತ್ತದೆ: ಮಹಾತ್ಮನ ಪ್ರಾಣವು ಹೋದ ಮೇಲೆಯೂ ಆತನ ಮೈ ಮಲಗಿದ ಜಾಗವು ಬರಿಯ ಜಾಗವಾಗಿ ಉಳಿಯುವುದಿಲ್ಲ.

ಇಂತಹ ಸೀಮೆಯಲ್ಲಿ ಕಥೋಲಿಕ ಕ್ರೈಸ್ತರ ಸಂಖ್ಯೆ ಅತ್ಯಲ್ಪ. ಬೀದರದಲ್ಲಿ ಕ್ರೈಸ್ತರೆಂದೊಡನೆ ಜನರ ನೆನಪಿಗೆ ಬರುವುದು ಮೆಥಡಿಸ್ಟ್ ಮಿಶನ್ನಿನ ಚರ್ಚು ಮತ್ತು ಆಸ್ಪತ್ರೆ. ಕಥೋಲಿಕರ ಆಡಳಿತದಲ್ಲಿ ಬೀದರ, ಕಲಬುರಗಿ, ಯಾದಗಿರಿ, ವಿಜಯಪುರಗಳು ಸೇರಿ ಗುಲ್ಬರ್ಗಾ ಧರ್ಮಪ್ರಾಂತ್ಯವಾದದ್ದು 2005ರಷ್ಟು ಈಚೆಗೆ. ರಾಬರ್ಟ್ ಮೈಕೆಲ್ ಮಿರಾಂಡಾ ಅವರು ಅದರ ಪ್ರಥಮ ಧರ್ಮಾಧ್ಯಕ್ಷರು. ದಕ್ಷಿಣಕ್ಕೆ ರಾಯಚೂರು ಜಿಲ್ಲೆಯ ಮುದಗಲ್ಲಿನಲ್ಲಿ ಆದಿಲಶಾಹಿಗಳ ಕಾಲದಿಂದ ನೆಲೆಸಿದ ಕನ್ನಡ ಕಥೋಲಿಕರ ಹಳೆಯ ಸಮುದಾಯವಿದೆಯಾದರೂ, ಕಲ್ಯಾಣದ ಸುತ್ತಿನಲ್ಲಿ ಅವರ ಶವಯಾತ್ರೆಯನ್ನು ಕಂಡವರೇ ವಿರಳ. ಕಂಡವರಿಗಾದರೂ ಅದು ಅರ್ಧ ಪರಿಚಿತವಾಗಿಯೂ ಅರ್ಧ ವಿಚಿತ್ರವಾಗಿಯೂ ತೋರುತ್ತದೆ. ಹೆಣವನ್ನು ಸುಡದೆ ಹೂಳುವುದು ಲಿಂಗವಂತರಿಗೂ ಮುಸಲ್ಮಾನರಿಗೂ ಹೊಸತಲ್ಲ. ಆದರೆ ಮಣ್ಣು ಕೊಡುವುದಕ್ಕೆ ಮೊದಲು ಗುರುಗಳು ಶವಪೆಟ್ಟಿಗೆಯ ಸುತ್ತ ನಡೆದು ತೀರ್ಥವನ್ನು ಚಿಮುಕಿಸಿ, ಬಲಿಪೀಠಕ್ಕೆ ಹಾಕುವ ಅದೇ ಧೂಪವನ್ನು ಉಸಿರಿಲ್ಲದ ಆ ಮೈಗೂ ಹಾಕುತ್ತಾರೆ. ಮಣ್ಣಿಗೆ ಬಂದ ರೈತನೊಬ್ಬನು, "ಅಲ್ರೀ ಫಾದರ್, ಜೀವ ಹೋದ ಮ್ಯಾಲ ಈ ಮೈಗಿ ಧೂಪ ಯಾಕ್ ಹಾಕ್ತೀರಿ? ಇವ ಏನ್ ಸ್ವಾಮಿನಾ, ಸಂತನಾ?" ಎಂದು ಕೇಳಿದನೆಂದಿಟ್ಟುಕೊಳ್ಳೋಣ. ಆ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಡಹೊರಟರೆ ಕಥೋಲಿಕ ಧರ್ಮದ ಬಹುಭಾಗವನ್ನು ಬಿಚ್ಚಿಡಬೇಕಾಗುತ್ತದೆ.

ಕಥೋಲಿಕ ಮತವು ದೇಹವನ್ನು ಹಳಿಯುವ ಮತವೆಂದು ಬಹುಜನರ ತಿಳಿವಳಿಕೆ. ಉಪವಾಸ, ಬ್ರಹ್ಮಚರ್ಯ, ಮೊಣಕಾಲೂರುವ ಪ್ರಾರ್ಥನೆ, ತಪಸ್ಸುಕಾಲದ ನಲವತ್ತು ದಿನಗಳು, ಇವುಗಳನ್ನು ದೂರದಿಂದ ನೋಡಿದವರಿಗೆ ಹಾಗೆ ತೋರುವುದು ಸಹಜವೇ. ಮೈಗೆ ತಾವೇ ಚಾಟಿಯಿಂದ ಹೊಡೆದುಕೊಂಡ ಸನ್ಯಾಸಿಗಳ ಕಥೆಗಳೂ ಆ ಮತದ ಇತಿಹಾಸದಲ್ಲಿ ಕಡಿಮೆಯಿಲ್ಲ, ಮತ್ತು ಧರ್ಮಸಭೆಯ ಕೆಲವು ಬೋಧಕರು ತಮ್ಮ ಶಾಸ್ತ್ರವನ್ನು ತಾವೇ ಮರೆತು ಶರೀರವನ್ನು ಶತ್ರುವೆಂಬಂತೆ ಮಾತನಾಡಿದ್ದೂ ಉಂಟು. ಆದರೆ ಶಾಸ್ತ್ರವು ಹೇಳುವುದೇ ಬೇರೆ. ಪ್ರತಿ ಭಾನುವಾರ ಪಠಿಸುವ ವಿಶ್ವಾಸ ಪ್ರಮಾಣದಲ್ಲಿ ಮೃತರ ಪುನರುತ್ಥಾನದ ಮಾತಿದೆ. 1215ರಲ್ಲಿ ಸೇರಿದ ನಾಲ್ಕನೆಯ ಲ್ಯಾಟರನ್ ಮಹಾಸಭೆಯು, ಮನುಷ್ಯರೆಲ್ಲರೂ ಕಡೆಯ ದಿನ ತಾವು ಈಗ ಹೊತ್ತಿರುವ ಈ ಮೈಯೊಡನೆಯೇ ಏಳುವರೆಂದು ನಿಸ್ಸಂದೇಹವಾಗಿ ಸಾರಿತು. ಹದಿಮೂರನೆಯ ಶತಮಾನದ ಮಹಾಪಂಡಿತನಾದ ಥಾಮಸ್ ಅಕ್ವೈನಾಸನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆತ್ಮವೊಂದೇ ಉಳಿದರೆ ಉಳಿದವನು ನಾನಾಗಲಾರೆನೆಂದು ತರ್ಕಿಸಿದನು. ಹಳೆಯ ಬಟ್ಟೆಯನ್ನು ಕಳಚಿ ಹೊಸದನ್ನುಡುವಂತೆ ಜೀವನು ದೇಹಾಂತರವನ್ನು ಹೊಂದುವನೆಂಬ ಗೀತೆಯ ಭಾವನೆಯಲ್ಲಿ ಬೆಳೆದ ನಮಗೆ ಈ ಮಾತು ಒಡನೆಯೇ ಒಗ್ಗುವುದಿಲ್ಲ. ಕಥೋಲಿಕನ ದೃಷ್ಟಿಯಲ್ಲಿ ಮೈಯು ಉಡುಪಲ್ಲ, ಮೈಯೂ ಅವನೇ. ಆದುದರಿಂದಲೇ ಮರಣವು ಅವನಿಗೆ ಬಿಡುಗಡೆಯಾಗಿ ಕಾಣದೆ, ಒಂದಾಗಿರಬೇಕಾದ ಎರಡನ್ನು ಸೀಳುವ ಅನರ್ಥವಾಗಿ ಕಾಣುತ್ತದೆ. ಅವನ ಮತವು ಸಾವನ್ನು ಚಿಕ್ಕದು ಮಾಡಿ ಸಮಾಧಾನ ಹೇಳುವುದಿಲ್ಲ. ಲಾಜರನ ಗೋರಿಗೆ ಹೋಗುವ ದಾರಿಯಲ್ಲಿ, ಅವನನ್ನು ಇನ್ನೊಂದು ಗಳಿಗೆಯಲ್ಲಿ ಎಬ್ಬಿಸಲಿದ್ದ ಕ್ರಿಸ್ತನೇ ಕಣ್ಣೀರು ಸುರಿಸಿದನೆಂದು ಸುವಾರ್ತೆ ಹೇಳುವುದನ್ನು ಇಲ್ಲಿ ನೆನೆಯಬಹುದು.

ದೇಹವನ್ನು ದೇವಾಲಯವೆಂದು ಕರೆದವರಲ್ಲಿ ಕಲ್ಯಾಣದವರಿಗೆ ಮೊದಲು ನೆನಪಾಗುವುದು ಬಸವಣ್ಣನವರು. ಕಾಲುಗಳನ್ನು ಕಂಬಗಳಾಗಿಯೂ ಶಿರಸ್ಸನ್ನು ಕಲಶವಾಗಿಯೂ ಕಂಡ ಅವರ ವಚನವನ್ನು ಅರಿಯದ ಕನ್ನಡಿಗನಿಲ್ಲ. ಅದಕ್ಕೆ ಸಾವಿರ ವರ್ಷಗಳಿಗೂ ಹಿಂದೆ ಸಂತ ಪೌಲನು ಗ್ರೀಸಿನ ಕೊರಿಂಥ ಪಟ್ಟಣದವರಿಗೆ ಬರೆದ ಪತ್ರದಲ್ಲಿ, ನಿಮ್ಮ ದೇಹವು ಪವಿತ್ರಾತ್ಮನ ಆಲಯವೆಂದು ಎಚ್ಚರಿಸಿದ್ದನು. ಎರಡೂ ಒಂದೇ ಎಂದು ಸಭೆಗಳಲ್ಲಿ ಭಾಷಣ ಮಾಡುವುದು ಸುಲಭ. ನನಗಾದರೋ ಅವುಗಳ ಭೇದದಲ್ಲಿಯೇ ಹೆಚ್ಚು ಸ್ವಾರಸ್ಯ ಕಾಣುತ್ತದೆ. ಬಸವಣ್ಣನವರು ಆ ಮಾತನ್ನು ಎತ್ತಿದ್ದು ಕಲ್ಲಿನ ಗುಡಿಗಳನ್ನು ಕಟ್ಟಿಸಬಲ್ಲ ಸಿರಿವಂತರ ಎದುರಿಗೆ, ಬಡವನ ಪರವಾಗಿ. ಪೌಲನು ಎತ್ತಿದ್ದು ವೇಶ್ಯಾಗಮನವನ್ನು ಹಸಿವು ತೃಷೆಗಳಷ್ಟೇ ಸಾಮಾನ್ಯವೆಂದು ತಳ್ಳಿಹಾಕುತ್ತಿದ್ದ ನಾಗರಿಕರ ಎದುರಿಗೆ, ಮೈ ಮಾಡಿದ್ದು ಆತ್ಮಕ್ಕೆ ತಾಗದೆಂಬ ಅವರ ಜಾಣತನವನ್ನು ಮುರಿಯುವುದಕ್ಕಾಗಿ. ಪೋಪ್ ಎರಡನೆಯ ಜಾನ್ ಪೌಲರು 1979ರಿಂದ 1984ರವರೆಗೆ ಬುಧವಾರದ ಸಭೆಗಳಲ್ಲಿ ದೇಹವನ್ನೇ ವಿಷಯವನ್ನಾಗಿ ಮಾಡಿಕೊಂಡು ನಡೆಸಿದ ಉಪನ್ಯಾಸಮಾಲೆಯು, ಒಟ್ಟಿನಲ್ಲಿ ನೋಡಿದರೆ, ಪೌಲನ ಈ ಒಂದು ಎಚ್ಚರಿಕೆಯ ಸುದೀರ್ಘ ಭಾಷ್ಯವೇ ಆಗಿದೆ.

ಕಥೋಲಿಕರ ದೇಹವಿಚಾರವನ್ನು ಕಲ್ಯಾಣದ ನೆಲದಲ್ಲಿ ನಿಂತು ಅರಿಯಬಯಸುವವನಿಗೆ ವಚನಗಳಿಗಿಂತಲೂ ಹತ್ತಿರದ ದಾರಿಯೊಂದಿದೆಯೆಂದು ನನ್ನ ಎಣಿಕೆ, ಮತ್ತು ಅದು ಯಾರೂ ಎದುರುನೋಡದ ಕಡೆ, ಒಂದು ಧರ್ಮಶಾಸ್ತ್ರದ ಗ್ರಂಥದಲ್ಲಿ ಇದೆ. 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಹುಮನಾಬಾದಿನ ಬಳಿಯ ಜಲಸಂಗಿಯ ಗುಡಿಯಲ್ಲಿ ಶಿಲ್ಪಿಗಳು ಮನುಷ್ಯದೇಹದ ಬಾಗು ಬಳುಕುಗಳನ್ನು ಕಲ್ಲಿನಲ್ಲಿ ಬಿಡಿಸುತ್ತಿದ್ದರೆ, ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದನು. ಆ ಗ್ರಂಥವು ಬಂಗಾಳವನ್ನು ಬಿಟ್ಟು ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬದ ಆಸ್ತಿ ಹಕ್ಕುಗಳನ್ನು ಆಧುನಿಕ ಕಾಲದವರೆಗೂ ನಿರ್ಣಯಿಸಿತು. ಒಬ್ಬನು ಇನ್ನೊಬ್ಬನಿಗೆ ಸಪಿಂಡನಾಗುವುದು ಹೇಗೆಂಬ ಪ್ರಶ್ನೆ ಅದರಲ್ಲಿ ಬರುತ್ತದೆ. ಬಂಗಾಳದ ಜೀಮೂತವಾಹನನು ಪಿತೃಗಳಿಗಿಡುವ ಅನ್ನದ ಪಿಂಡದ ಆಧಾರದಿಂದ ನಂಟನ್ನು ಅಳೆದನು. ವಿಜ್ಞಾನೇಶ್ವರನಾದರೋ, ನಂಟೆಂದರೆ ಒಂದೇ ಶರೀರದ ಅಂಶಗಳನ್ನು ಹಂಚಿಕೊಂಡಿರುವುದೆಂದು ವಿಧಿಸಿದನು. ತಂದೆಯ ಶರೀರಾಂಶವು ಮಗನಲ್ಲಿದೆ. ತಂದೆಯ ಮೂಲಕ ಅಜ್ಜನದೂ, ತಾಯಿಯ ಮೂಲಕ ತಾಯಿಯ ಅಕ್ಕತಂಗಿಯರದೂ ಇದೆ. ಗಂಡಹೆಂಡಿರು ಬೇರೆ ಬೇರೆ ಮನೆಗಳಿಂದ ಬಂದವರಾದರೂ ಇಬ್ಬರೂ ಕೂಡಿ ಒಂದು ಹೊಸ ಶರೀರವನ್ನು ಆರಂಭಿಸುವುದರಿಂದ ಅವರೂ ಸಪಿಂಡರೇ. ಈ ತರ್ಕವು ಎಲ್ಲಿಗೆ ಹೋಗಿ ಮುಟ್ಟುವುದೆಂಬುದನ್ನು ಅವನು ತಾನೇ ಮುಂಗಂಡಿದ್ದನು. ಆದಿಯಿಲ್ಲದ ಈ ಸಂಸಾರದಲ್ಲಿ ಶರೀರದ ಎಳೆಯನ್ನು ಹಿಡಿದು ಹಿಂದೆ ಹಿಂದೆ ಹೋದರೆ ಯಾರು ಯಾರಿಗೂ ಸಂಬಂಧಿಕರೇ ಆಗಿಬಿಡುವರಾದ್ದರಿಂದ, ತಂದೆಯ ಕಡೆ ಏಳು ತಲೆಮಾರು, ತಾಯಿಯ ಕಡೆ ಐದು ಎಂದು ಗೆರೆ ಎಳೆದು ನಿಲ್ಲಿಸಿದನು. ಮದುವೆಗಳು ನಡೆಯಬೇಕಲ್ಲವೆ!

ಈಗ ಕಥೋಲಿಕರ ಬಲಿಪೂಜೆಯ ಕಡೆಗೆ ತಿರುಗೋಣ. ಅಲ್ಲಿ ಗುರುವು ಗೋಧಿಯ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಅರ್ಪಿಸಿದಾಗ ಅವು ಕ್ರಿಸ್ತನ ಶರೀರವೂ ರಕ್ತವೂ ಆಗುವುವೆಂದು ಧರ್ಮಸಭೆ ನಂಬುತ್ತದೆ. ಇದನ್ನು ಬರಿಯ ಸಂಕೇತವೆಂದು ಹೇಳಿ ತೇಲಿಸಲು ಅದು ಎಂದೂ ಒಪ್ಪಿಲ್ಲ. ಆ ಪರಮಪ್ರಸಾದವನ್ನು ತಿಂದವರು ಏನಾಗುತ್ತಾರೆಂಬುದಕ್ಕೆ ಪೌಲನ ಉತ್ತರ: ರೊಟ್ಟಿ ಒಂದೇ ಆದುದರಿಂದ ಅದರಲ್ಲಿ ಪಾಲುಗೊಳ್ಳುವ ಅನೇಕರು ಒಂದೇ ದೇಹ. ವಿಜ್ಞಾನೇಶ್ವರನ ಶಾಸ್ತ್ರಭಾಷೆಯಲ್ಲಿ ಹೇಳುವುದಾದರೆ, ಅವರೆಲ್ಲರೂ ಸಪಿಂಡರು. ಕಲ್ಯಾಣದ ಪಂಡಿತನು ಏಳಕ್ಕೂ ಐದಕ್ಕೂ ಎಳೆದು ನಿಲ್ಲಿಸಿದ ಗೆರೆಯನ್ನು ಈ ಮತವು ಬೇಕೆಂದೇ ಅಳಿಸಿಹಾಕುತ್ತದೆ. ಕುಲ, ದೇಶ, ಕಾಲಗಳು ಅಲ್ಲಿ ಲೆಕ್ಕಕ್ಕಿಲ್ಲ, ಬದುಕಿದವರು ಸತ್ತವರೆಂಬುದೂ ಲೆಕ್ಕಕ್ಕಿಲ್ಲ. ನವೆಂಬರ್ 2ರ ಸಕಲ ಆತ್ಮಗಳ ದಿನ ಕಥೋಲಿಕರು ಸಮಾಧಿಗಳನ್ನು ಸ್ವಚ್ಛಗೊಳಿಸಿ, ಮೇಣದಬತ್ತಿ ಹಚ್ಚಿ, ಅಲ್ಲಿರುವವರಿಗಾಗಿ ಪ್ರಾರ್ಥಿಸುವುದು ಶ್ರಾದ್ಧದಂತೆ ಮೇಲುನೋಟಕ್ಕೆ ಕಂಡರೂ, ಒಳಗಿನ ತತ್ತ್ವವು ಇದೇ: ಒಂದೇ ಶರೀರದ ಅವಯವಗಳ ನಡುವೆ ಸಾವು ಬಂದು ನಿಂತ ಮಾತ್ರಕ್ಕೆ ನಂಟು ಕಡಿಯುವುದಿಲ್ಲ, ಹೊಣೆಯೂ ತಪ್ಪುವುದಿಲ್ಲ. ಆ ಹೂತ ಮೈಯು ಒಮ್ಮೆ ಪರಮಪ್ರಸಾದವನ್ನು ಉಂಡ ಮೈ. ರೈತನ ಪ್ರಶ್ನೆಗೆ ಮೊದಲ ಉತ್ತರ ಇಲ್ಲಿಯೇ ಸಿಕ್ಕಿತು. ಪೆಟ್ಟಿಗೆಯಲ್ಲಿರುವವನು ಸಂತನೋ ಸ್ವಾಮಿಯೋ ಆಗಿರಬೇಕಾಗಿಲ್ಲ. ಹಣ್ಣು ಮಾರುತ್ತಿದ್ದವನಾದರೂ, ಲಾರಿಗೆ ಬಣ್ಣ ಹಚ್ಚುತ್ತಿದ್ದವನಾದರೂ ಧೂಪಕ್ಕೆ ಯೋಗ್ಯನೇ. ಮಾಣಿಕನಗರದಲ್ಲಿ ಮಹಾತ್ಮರೊಬ್ಬರಿಗೆ ಸಲ್ಲುವ ಗೌರವದ ಒಂದಂಶವು ಇಲ್ಲಿ ಸಾಮಾನ್ಯನಿಗೂ ಸಲ್ಲುತ್ತದೆ.

ಹಾಗೆಂದು ಮಹಾತ್ಮರ ದೇಹಗಳಿಗೆ ಕಥೋಲಿಕರಲ್ಲಿ ವಿಶೇಷ ಸ್ಥಾನವಿಲ್ಲವೆಂದಲ್ಲ. 1552ರ ಡಿಸೆಂಬರ್ 3ರಂದು ಚೀನಾದ ಕರಾವಳಿಯ ದ್ವೀಪವೊಂದರಲ್ಲಿ ತೀರಿಕೊಂಡ ಸಂತ ಫ್ರಾನ್ಸಿಸ್ ಝೇವಿಯರರ ಶರೀರವು ಹಳೆಯ ಗೋವೆಯಲ್ಲಿದೆ; ಸುಮಾರು ಹತ್ತು ವರ್ಷಗಳಿಗೊಮ್ಮೆ ಅದನ್ನು ದರ್ಶನಕ್ಕಿಡುವ ಪದ್ಧತಿಯಂತೆ 2024ರ ನವೆಂಬರಿನಿಂದ 2025ರ ಜನವರಿಯವರೆಗೆ ಇಟ್ಟಿದ್ದರು. ಬಲಿಪೀಠದೊಳಗೆ ಸಂತರ ಅಸ್ಥಿಯ ತುಣುಕನ್ನು ಇಡುವ ಸಂಪ್ರದಾಯವೂ ಬಹು ಹಳೆಯದು. ದರ್ಗಾವನ್ನೂ ಗದ್ದುಗೆಯನ್ನೂ ಬಲ್ಲ ಕಲ್ಯಾಣದವರಿಗೆ ಇದನ್ನು ವಿವರಿಸಿ ಹೇಳುವ ಅಗತ್ಯವಿಲ್ಲ.

ಸಾವಿಗೆ ಮೊದಲು ರೋಗವಿದೆ. ರೋಗಿಯ ಹಣೆಗೂ ಅಂಗೈಗಳಿಗೂ ಎಣ್ಣೆಯನ್ನು ಸವರಿ ಪ್ರಾರ್ಥಿಸುವ ಅಭ್ಯಂಗ ಸಂಸ್ಕಾರವು ಕಥೋಲಿಕರ ಸಪ್ತಸಂಸ್ಕಾರಗಳಲ್ಲಿ ಒಂದು. ಹೊಸ ಒಡಂಬಡಿಕೆಯ ಯಕೋಬನ ಪತ್ರವು ಅದಕ್ಕೆ ಆಧಾರ. ಶತಮಾನಗಳ ಕಾಲ ಇದನ್ನು ಕೊನೆಯುಸಿರಿನ ಹೊತ್ತಿಗೆ ಮುಂದೂಡುತ್ತಿದ್ದುದರಿಂದ, ಗುರುಗಳು ಎಣ್ಣೆಯೊಡನೆ ಹೊಸ್ತಿಲು ತುಳಿದರೆಂದರೆ ಮನೆಯವರು ಅಳುವುದಕ್ಕೆ ಆರಂಭಿಸುವ ಸ್ಥಿತಿಯಿತ್ತು. ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ, 1972ರಲ್ಲಿ, ಪೋಪ್ ಆರನೆಯ ಪೌಲರು ಈ ವಿಧಿಯನ್ನು ತಿದ್ದಿ, ತೀವ್ರ ರೋಗದಲ್ಲಿಯೂ ವಾರ್ಧಕ್ಯದಲ್ಲಿಯೂ ಬದುಕುವ ಆಸೆಯಿರುವಾಗಲೇ ಪಡೆಯತಕ್ಕ ಸಂಸ್ಕಾರವೆಂದು ಅದರ ಹಳೆಯ ಅರ್ಥವನ್ನು ಮರಳಿಸಿದರು. ಅದೇ ಆಜ್ಞೆಯಲ್ಲಿ ಇನ್ನೊಂದು ಸಣ್ಣ ಮಾತಿದೆ. ಅದುವರೆಗೆ ಆಲಿವ್ ಎಣ್ಣೆಯೇ ಆಗಬೇಕಿದ್ದುದಕ್ಕೆ ಬದಲಾಗಿ, ಅದು ದೊರೆಯದ ಕಡೆಗಳಲ್ಲಿ ಬೇರೆ ಸಸ್ಯಜನ್ಯ ತೈಲವೂ ಆಗಬಹುದೆಂದು ಅನುಮತಿಯಿತ್ತರು. ಆಲಿವ್ ಮರವನ್ನೇ ಕಾಣದ ನಮ್ಮ ಕಲ್ಯಾಣ ನಾಡಿನ ಎರೆಹೊಲಗಳಲ್ಲಿ ಬೆಳೆಯುವ ಎಳ್ಳು ಕುಸುಬೆಗಳ ಎಣ್ಣೆಯೂ ಹೀಗೆ ಸಂಸ್ಕಾರಕ್ಕೆ ಅರ್ಹವಾಯಿತು. ಮೆಡಿಟರೇನಿಯನ್ ಸಮುದ್ರದ ದಡದಲ್ಲಿ ಹುಟ್ಟಿದ ವಿಧಿಯೊಂದು ಜೋಳದ ರೊಟ್ಟಿಯ ನಾಡಿನವರ ಅಡಿಗೆಮನೆಗೆ ಬಂದು ತಲುಪಲು ಹೆಚ್ಚುಕಡಿಮೆ ಎರಡು ಸಾವಿರ ವರ್ಷ ಹಿಡಿಯಿತೆಂದು ನಗುವವರು ನಗಬಹುದು. ಸಾಯುವವನಿಗೆ ಕೊನೆಯಲ್ಲಿ ಕೊಡುವುದು ಈ ಎಣ್ಣೆಯಲ್ಲ, ಪರಮಪ್ರಸಾದ. ದೂರದ ಪಯಣಕ್ಕೆ ಕಟ್ಟಿಕೊಡುವ ದಾರಿಬುತ್ತಿಯೆಂದೇ ಅದನ್ನು ಭಾವಿಸುತ್ತಾರೆ.

ರೋಗದ ಮಾತು ಬಂದಾಗ ಕಲ್ಯಾಣದ ಒಬ್ಬ ಅರಸನು ನೆನಪಾಗದೆ ಇರನು. ರಾಜಧಾನಿಯನ್ನು ಕಲ್ಯಾಣಕ್ಕೆ ತಂದು ಆ ಊರಿನ ವೈಭವಕ್ಕೆ ಅಡಿಗಲ್ಲಿಟ್ಟ ಒಂದನೆಯ ಸೋಮೇಶ್ವರನು, ಆಹವಮಲ್ಲನೆಂದು ಹೆಸರಾದ ಆ ವೀರನು, ವೈದ್ಯರು ಕೈಬಿಟ್ಟ ಜ್ವರದಿಂದ ಬೆಂದು, 1068ರ ಮಾರ್ಚಿನಲ್ಲಿ ಕುರುವತ್ತಿಗೆ ಹೋಗಿ, ತುಂಗಭದ್ರೆಯ ನೀರಿಗಿಳಿದು ದೇಹತ್ಯಾಗ ಮಾಡಿದನು. ಶಾಸನಗಳು ಅದನ್ನು ಪರಮಯೋಗವೆಂದು ಕೊಂಡಾಡುತ್ತವೆ. ಅವನ ಮಗ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ಕಾಶ್ಮೀರದ ಕವಿ ಬಿಲ್ಹಣನು ತನ್ನ ವಿಕ್ರಮಾಂಕದೇವಚರಿತದಲ್ಲಿ ಆ ಸಂದರ್ಭವನ್ನು ಗಂಭೀರವಾಗಿ ವರ್ಣಿಸುತ್ತಾನೆ. ಇದನ್ನು ಕಥೋಲಿಕ ನೀತಿಶಾಸ್ತ್ರವು ಒಪ್ಪಲಾರದು. ಮೈಯು ದೇವರಿಂದ ಬಂದ ನ್ಯಾಸವಾದ್ದರಿಂದ, ಇಟ್ಟುಕೊಂಡವನು ಅದನ್ನು ಕಾಯಬೇಕೇ ಹೊರತು ತನಗೆ ಬೇಡವಾದಾಗ ಮುಗಿಸುವ ಅಧಿಕಾರ ಅವನಿಗಿಲ್ಲವೆಂದು ಅದರ ನಿಲುವು. ಆದರೆ ಈ ನಿಲುವಿನ ಹೆಸರಿನಲ್ಲಿ ನಡೆದ ಕಾಠಿಣ್ಯವನ್ನು ಮುಚ್ಚಿಡಬಾರದು: ಆತ್ಮಹತ್ಯೆ ಮಾಡಿಕೊಂಡವರಿಗೆ ಧರ್ಮಸಭೆಯು ಬಹುಕಾಲ ವಿಧಿವತ್ತಾದ ಶವಸಂಸ್ಕಾರವನ್ನೇ ನಿರಾಕರಿಸಿತು, ಮತ್ತು ಅದರಿಂದ ನೊಂದದ್ದು ಸತ್ತವರಿಗಿಂತ ಉಳಿದವರೇ. 1983ರ ಧರ್ಮಸಂಹಿತೆಯಲ್ಲಿ ಆ ನಿಷೇಧವಿಲ್ಲ. 1992ರ ಧರ್ಮೋಪದೇಶ ಗ್ರಂಥವು, ಮನಸ್ಸಿನ ತೀವ್ರ ಕ್ಷೋಭೆಯೂ ನೋವಿನ ಭಯವೂ ಅಂಥವರ ಹೊಣೆಯನ್ನು ತಗ್ಗಿಸುತ್ತವೆಯೆಂದು ಒಪ್ಪಿ, ಅವರ ನಿತ್ಯಗತಿಯ ಬಗ್ಗೆ ನಿರಾಶರಾಗಬೇಡಿರೆಂದು ಹೇಳುತ್ತದೆ. ಇಷ್ಟು ಹೇಳಲು ಇಷ್ಟು ಶತಮಾನಗಳು ಬೇಕಾದದ್ದು ಖೇದದ ಸಂಗತಿ.

ಹಾಗಾದರೆ ಗುಣವಾಗದ ರೋಗದಲ್ಲಿ ಉಸಿರನ್ನು ಯಂತ್ರಗಳಿಂದ ಎಳೆದೆಳೆದು ಉಳಿಸುವುದೇ ಧರ್ಮವೆ? ಇಲ್ಲವೆಂದೇ ಉತ್ತರ. 1957ರ ನವೆಂಬರಿನಲ್ಲಿ ಪೋಪ್ ಹನ್ನೆರಡನೆಯ ಪಯಸ್ ಅರಿವಳಿಕೆ ವೈದ್ಯರ ಪ್ರಶ್ನೆಗಳಿಗೆ ಉತ್ತರಿಸುತ್ತ, ಮನುಷ್ಯನು ಸಾಮಾನ್ಯ ಉಪಾಯಗಳಿಂದ ಜೀವವನ್ನು ಕಾಪಾಡಿಕೊಳ್ಳಲು ಬದ್ಧನೇ ಹೊರತು ಅಸಾಮಾನ್ಯವಾದ, ಹೊರಲಾರದ ಭಾರವನ್ನು ಹೊರಿಸುವ ಉಪಾಯಗಳಿಗೆ ಬದ್ಧನಲ್ಲವೆಂದು ವಿವೇಚಿಸಿದರು. ನೋವನ್ನು ತಣಿಸುವ ಔಷಧದಿಂದ ಆಯುಷ್ಯ ಕುಂದುವ ಸಂಭವವಿದ್ದರೂ, ಕೊಲ್ಲುವ ಉದ್ದೇಶವಿಲ್ಲದೆ ನೋವಿಗಾಗಿಯೇ ಕೊಟ್ಟರೆ ದೋಷವಿಲ್ಲವೆಂದು ಅದೇ ವರ್ಷದ ಆರಂಭದಲ್ಲಿ ಹೇಳಿದ್ದರು. ಧರ್ಮಸಭೆಯ 1980ರ ಘೋಷಣೆಯೊಂದು ಇದನ್ನೇ ಸ್ಥಿರಪಡಿಸಿತು. 2018ರ ಮಾರ್ಚ್ 9ರಂದು ನಮ್ಮ ಸುಪ್ರೀಂ ಕೋರ್ಟು ಗೌರವದಿಂದ ಸಾಯುವ ಹಕ್ಕನ್ನು ಮನ್ನಿಸಿ ತೀರ್ಪಿತ್ತಿತು. 2025ರ ಜನವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆಯು ಆ ತೀರ್ಪನ್ನು ಆಸ್ಪತ್ರೆಗಳಲ್ಲಿ ಜಾರಿಗೆ ತರಲು, ವೈದ್ಯರ ಎರಡು ಹಂತದ ಮಂಡಳಿಗಳ ಒಪ್ಪಿಗೆಯೊಡನೆ, ಆಜ್ಞೆ ಹೊರಡಿಸಿತು. ಫಲವಿಲ್ಲದ ಚಿಕಿತ್ಸೆಯನ್ನು ನಿಲ್ಲಿಸುವಷ್ಟರ ಮಟ್ಟಿಗೆ ಕೋರ್ಟಿಗೂ ಕಥೋಲಿಕ ನೀತಿಗೂ ವಿರೋಧವಿಲ್ಲ. ವಿರೋಧವು ಹುಟ್ಟುವುದು ಅನ್ನ ನೀರಿನ ಹತ್ತಿರ: ನಳಿಕೆಯ ಮೂಲಕವಾದರೂ ಸರಿಯೆ, ದೇಹವು ಸ್ವೀಕರಿಸುತ್ತಿರುವವರೆಗೆ ಉಣಿಸುವುದು ಚಿಕಿತ್ಸೆಯಲ್ಲ, ಶುಶ್ರೂಷೆ, ಅದನ್ನು ನಿಲ್ಲಿಸಿ ಸಾಯಿಸಬಾರದೆಂದು ಧರ್ಮಸಭೆಯ ಹಟ. ಹಸಿದವನಿಗೆ ಊಟವಿಕ್ಕುವುದನ್ನು ದಾಸೋಹವೆಂದು ಎತ್ತಿಹಿಡಿದ ಊರಿಗೆ ಈ ಹಟವು ಅರ್ಥವಾಗದೆ ಹೋಗದು.

ಇನ್ನು ಶವಸಂಸ್ಕಾರ. ಲಿಂಗವಂತರು ಮೃತನನ್ನು ಕುಳ್ಳಿರಿಸಿ ಮೆರವಣಿಗೆ ಮಾಡಿ, ಕುಣಿಯೊಳಗಿನ ಗೂಡಿನಲ್ಲಿ ಪದ್ಮಾಸನದಲ್ಲಿ ಕೂಡಿಸಿ, ಎಡಗೈಯಲ್ಲಿ ಇಷ್ಟಲಿಂಗವನ್ನಿರಿಸಿ, ವಿಭೂತಿ ಪತ್ರೆಗಳಿಂದ ಮುಚ್ಚುತ್ತಾರೆ. ಅಲ್ಲಿ ಅವನು ಲಿಂಗೈಕ್ಯನು. ಸೇರಬೇಕಾದಲ್ಲಿಗೆ ಸೇರಿದನು, ಮುಂದೆ ಕಾಯತಕ್ಕದ್ದೇನೂ ಇಲ್ಲ. ಕಥೋಲಿಕನನ್ನು ಮಲಗಿಸುತ್ತಾರೆ, ಏಕೆಂದರೆ ಅವನು ಏಳಬೇಕು. ಪಾಸ್ಕ ಹಬ್ಬದ ದೊಡ್ಡ ಮೇಣದಬತ್ತಿಯನ್ನು ಶವದ ಬಳಿಯಲ್ಲಿ ಹಚ್ಚಿಡುವುದೂ, ಸಂಸ್ಕಾರಕ್ಕೆ ಪುನರುತ್ಥಾನದ ಚಹರೆಯಿರಬೇಕೆಂದು 1963ರಲ್ಲಿ ವ್ಯಾಟಿಕನ್ ಮಹಾಸಭೆಯು ವಿಧಿಸಿದ್ದೂ ಇದೇ ನಿರೀಕ್ಷೆಯಿಂದ. ಇಲ್ಲಿ ಎರಡು ಮತಗಳ ನಡುವೆ ಇರುವ ಅಂತರವನ್ನು ಸೌಜನ್ಯಕ್ಕಾಗಿ ಮರೆಮಾಡುವುದರಿಂದ ಯಾರಿಗೂ ಉಪಕಾರವಿಲ್ಲ. ಶರಣನ ಐಕ್ಯದಲ್ಲಿ ಮರಳಿ ಬರುವಿಕೆಯಿಲ್ಲ, ಕಥೋಲಿಕನ ಸ್ವರ್ಗದಲ್ಲಿ ನಾನು ನೀನೆಂಬುದು ಕರಗಿಹೋಗುವುದಿಲ್ಲ. ಮೇರಿಮಾತೆಯನ್ನು ಆತ್ಮ ಶರೀರಗಳೆರಡರೊಡನೆಯೂ ಸ್ವರ್ಗಕ್ಕೆ ಸ್ವೀಕರಿಸಲಾಯಿತೆಂದು ಹನ್ನೆರಡನೆಯ ಪಯಸ್ 1950ರ ನವೆಂಬರ್ 1ರಂದು ಘೋಷಿಸಿದಾಗ, ಎರಡು ಮಹಾಯುದ್ಧಗಳಲ್ಲಿ ಮನುಷ್ಯರ ಮೈಗಳು ರಾಶಿರಾಶಿಯಾಗಿ ಕೊಳೆತುದನ್ನು ಕಂಡ ಒಂದು ತಲೆಮಾರಿಗೆ, ಮೈಯ ಕಡೆಯ ಗತಿ ಅದಲ್ಲವೆಂದು ಹೇಳಿದಂತಾಯಿತೆಂದು ನನಗೆ ತೋರುತ್ತದೆ.

ಸುಟ್ಟರೆ ಪುನರುತ್ಥಾನಕ್ಕೆ ಅಡ್ಡಿಯೆ? ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಕೆಲವರು ಪುನರುತ್ಥಾನವನ್ನು ಅಣಕಿಸುವುದಕ್ಕೆಂದೇ ದಹನವನ್ನು ಪ್ರಚಾರ ಮಾಡಿದ್ದರಿಂದ ಧರ್ಮಸಭೆಯು ಅದನ್ನು ನಿಷೇಧಿಸಿತ್ತು. 1963ರಲ್ಲಿ ನಿಷೇಧವನ್ನು ಸಡಿಲಿಸಿತು. ದೇವರ ಸಾಮರ್ಥ್ಯಕ್ಕೆ ಬೂದಿಯೂ ಒಂದೇ, ಮೂಳೆಯೂ ಒಂದೇ. ಆದರೂ ಹೂಳುವುದೇ ಮೇಲೆಂದು ಶಿಫಾರಸು. ಸುಟ್ಟರೂ ಬೂದಿಯನ್ನು ಹೊಳೆಯಲ್ಲಿ ಬಿಡದೆ, ಗಾಳಿಗೆ ತೂರದೆ, ಪವಿತ್ರ ಸ್ಥಳದಲ್ಲಿಡಬೇಕೆಂದು 2016ರ ಆದೇಶ. ಕೋವಿಡ್ ಕಾಲದಲ್ಲಿ ಈ ಸಡಿಲಿಕೆಯ ಬೆಲೆ ಅನೇಕರಿಗೆ ಅರಿವಾಯಿತು. ಬಸವಕಲ್ಯಾಣವು ಆ ಪಿಡುಗಿಗೆ ತನ್ನ ಶಾಸಕ ಬಿ. ನಾರಾಯಣರಾವ್ ಅವರನ್ನೇ 2020ರ ಸೆಪ್ಟೆಂಬರಿನಲ್ಲಿ ಕಳೆದುಕೊಂಡು, ಪಿಡುಗಿನ ಎರಡನೆಯ ಅಲೆಯ ನಡುವೆಯೇ, 2021ರ ಏಪ್ರಿಲ್ 17ರಂದು, ಉಪಚುನಾವಣೆಗೆ ಮತ ಹಾಕಿತು. ಆ ತಿಂಗಳುಗಳಲ್ಲಿ ಮಗನು ತಂದೆಯ ಮುಖವನ್ನು ನೋಡಲಾರದೆ, ಮೈಯನ್ನು ಮುಟ್ಟಲಾರದೆ, ಪ್ಲಾಸ್ಟಿಕ್ಕಿನ ಗಂಟನ್ನು ದೂರದಿಂದ ನೋಡಿ ಕೈಮುಗಿದದ್ದು ಯಾವ ಒಂದು ಮತದವರ ಅನುಭವವೂ ಅಲ್ಲ. ಆತ್ಮಕ್ಕೆ ಸಾವಿಲ್ಲವೆಂದು ದೃಢವಾಗಿ ನಂಬಿದವರೂ ಮೈ ಸಿಗಲಿಲ್ಲವೆಂದೇ ಅತ್ತರು.

ಮೈಯ ಮಹಿಮೆಯನ್ನು ಇಷ್ಟು ಹೇಳುವ ಮತವು ತನ್ನ ಸ್ಮಶಾನದಲ್ಲಿ ಹೇಗೆ ನಡೆದುಕೊಂಡಿತೆಂದು ಕೇಳುವ ಹಕ್ಕು ಕಲ್ಯಾಣಕ್ಕೆ ಬೇರೆಲ್ಲ ಊರಿಗಿಂತ ಹೆಚ್ಚಾಗಿದೆ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ನಡೆದ ಮದುವೆಗಾಗಿ ಆ ಇಬ್ಬರು ತಂದೆಯರನ್ನು ಅರಸ ಬಿಜ್ಜಳನ ಆಜ್ಞೆಯಂತೆ ಚಿತ್ರಹಿಂಸೆಯಿಂದ ಕೊಂದರೆಂಬ ಕಥೆ ಇಲ್ಲಿಯದು. ಆ ಮದುವೆಯಲ್ಲಿ ವಿಜ್ಞಾನೇಶ್ವರನ ಗೆರೆಗಿಂತಲೂ ಬಿಗಿಯಾದ ಇನ್ನೊಂದು ಗೆರೆ ಅಳಿಸಿಹೋಗಿತ್ತು. ಒಂದೇ ಪರಮಪ್ರಸಾದವನ್ನು ಉಂಡು ಒಂದೇ ದೇಹವಾದೆವೆಂದ ಕಥೋಲಿಕರಲ್ಲಿಯಾದರೋ, ದಕ್ಷಿಣ ಭಾರತದ ಕೆಲವು ಊರುಗಳಲ್ಲಿ ದಲಿತ ಕ್ರೈಸ್ತರಿಗೆ ಬೇರೆ ಸ್ಮಶಾನಗಳೂ ಸ್ಮಶಾನದ ನಡುವೆ ಗೋಡೆಗಳೂ ಇದ್ದವು. 2016ರ ಡಿಸೆಂಬರಿನಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು ದಲಿತರ ಸಬಲೀಕರಣದ ನೀತಿಯನ್ನು ಪ್ರಕಟಿಸುವಾಗ, ಧರ್ಮಸಭೆಯೊಳಗೆ ಅಸ್ಪೃಶ್ಯತೆಯಿದೆಯೆಂದು ತಾನೇ ಒಪ್ಪಿಕೊಂಡಿತು. ಒಪ್ಪಿಕೊಂಡದ್ದು ಸಣ್ಣ ವಿಷಯವಲ್ಲ. ಆದರೆ ಸತ್ತವರೆಲ್ಲರೂ ಒಟ್ಟಿಗೆ ಏಳುವರೆಂದು ಬೋಧಿಸುವವರು ಅವರನ್ನು ಒಟ್ಟಿಗೆ ಮಲಗಿಸಲಾರದೆ ಹೋದರೆಂಬುದು, ನಾಸ್ತಿಕನ ಯಾವ ವಾದಕ್ಕಿಂತಲೂ ಆ ಬೋಧನೆಗೆ ಹೆಚ್ಚು ಹಾನಿ ಮಾಡಿತು.

ನಮ್ಮ ರೈತನಿಗೆ ಇನ್ನೊಂದು ಪ್ರಶ್ನೆಯೂ ಉಳಿದಿರಬಹುದು. ಏಳುವ ಮೈ ಯಾವುದು? ಹತ್ತು ತಿಂಗಳ ಕೂಸಾಗಿ ಸತ್ತದ್ದು ಕೂಸಾಗಿಯೇ ಏಳುವುದೆ, ತೊಂಬತ್ತರ ಮುದುಕನು ಬಾಗಿದ ಬೆನ್ನಿನೊಡನೆಯೇ ಏಳುವನೆ? ಕೊರಿಂಥದವರೂ ಇದನ್ನೇ ಕೇಳಿದ್ದರು. ಬಿತ್ತಿದ ಕಾಳು ಮೊಳಕೆಯಾಗಿ ಬೇರೆಯದೇ ರೂಪದಲ್ಲಿ ಮೇಲೆ ಬಂದರೂ ಆ ಕಾಳಿನದೇ ಪೈರಲ್ಲವೆ ಎಂದು ಪೌಲನು ಹೊಲದ ಕಡೆಗೆ ಕೈತೋರಿಸಿ ಬಿಟ್ಟನು. ಐದನೆಯ ಶತಮಾನದ ಆಗಸ್ಟೀನನು ಅಷ್ಟಕ್ಕೆ ತೃಪ್ತನಾಗಲಿಲ್ಲ. ದೇವರ ನಗರವನ್ನು ಕುರಿತ ತನ್ನ ಮಹಾಗ್ರಂಥದ ಕೊನೆಯ ಭಾಗದಲ್ಲಿ ಅವನು ಈ ಪ್ರಶ್ನೆಗಳನ್ನು ಒಂದೊಂದಾಗಿ ಎತ್ತಿಕೊಂಡು, ಎಲ್ಲರೂ ಸುಮಾರು ಮೂವತ್ತರ ತುಂಬುಪ್ರಾಯದಲ್ಲಿ ಏಳುವರೆಂದೂ, ಕೂಸಿಗೆ ಅದು ಬೆಳೆದಿದ್ದರೆ ಆಗುತ್ತಿದ್ದ ಮೈ ದೊರೆಯುವುದೆಂದೂ, ಕುಂದುಗಳೆಲ್ಲ ನೀಗುವುವೆಂದೂ ಹೇಳಿ, ಅಲ್ಲಿಯೇ ಒಂದು ಅಪವಾದವನ್ನು ಸೇರಿಸುತ್ತಾನೆ: ರಕ್ತಸಾಕ್ಷಿಗಳ ಗಾಯದ ಗುರುತುಗಳು ಮಾತ್ರ ಹಾಗೆಯೇ ಉಳಿಯಬಹುದು, ಏಕೆಂದರೆ ಅವು ಕುಂದಲ್ಲ, ಚೆಲುವು. ಪುನರುತ್ಥಾನಗೊಂಡ ಕ್ರಿಸ್ತನ ಕೈಗಳಲ್ಲಿಯೂ ಮೊಳೆಯ ಗಾಯಗಳಿದ್ದುವೆಂದು, ಸಂದೇಹಪಟ್ಟ ತೋಮನಿಗೆ ಅವನೇ ಅವನ್ನು ತೋರಿಸಿದನೆಂದು ಸುವಾರ್ತೆಯಲ್ಲಿದೆ.

ಬಸವಣ್ಣನವರಿಗೆ ಪಾದರಕ್ಷೆ ಮಾಡಲು ಹರಳಯ್ಯನೂ ಅವನ ಪತ್ನಿ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮವನ್ನೇ ಸುಲಿದುಕೊಟ್ಟರೆಂದು ಕಲ್ಯಾಣದ ಮಕ್ಕಳಿಗೂ ಗೊತ್ತು. ಐಕ್ಯನಾದ ಶರಣನಿಗೆ ಮರಳಿ ಬರುವ ತೊಡೆಯೇ ಇಲ್ಲವೆಂದು ಅವರ ಗುರುಗಳು ಹೇಳಿಯಾರು. ಸ್ನಾನದೀಕ್ಷೆ ಪಡೆಯದವರ ಗಾಯಗಳನ್ನು ತನ್ನ ಲೆಕ್ಕಕ್ಕೆ ಸೇರಿಸಿಕೊಳ್ಳಲು ಆಗಸ್ಟೀನನೂ ಒಪ್ಪುತ್ತಿದ್ದನೋ ಇಲ್ಲವೋ. ಎರಡು ಕಡೆಯ ಶಾಸ್ತ್ರವೂ ಹೀಗೆ ಅಡ್ಡ ಬರುತ್ತಿದ್ದರೂ, ಗಾಯವನ್ನು ಚೆಲುವೆಂದು ಎಣಿಸುವ ಒಂದು ಸ್ವರ್ಗವಿರುವುದಾದರೆ ಆ ದಂಪತಿಗಳನ್ನು ಅದರ ಹೊರಗೆ ನಿಲ್ಲಿಸುವುದು ಹೇಗೆಂಬುದು ನನಗೆ ತಿಳಿಯದು.